ಪುಡಿ ಹೆಂಡದ ಸುದ್ದಿ ಬಂದ ವರ್ಷ

ಸಾರಿನ ಪುಡಿಯನ್ನು ಜರಡಿ ಹಿಡಿಯುತ್ತಿದ್ದೆ. ಮಿಕ್ಸಿಯಲ್ಲಿ ಎಷ್ಟು ತಿರುಗಿಸಿದರೂ ಕೊತ್ತಂಬರಿ ಬೀಜದ ಸಿಪ್ಪೆ ತರಿತರಿಯಾಗಿ ಉಳಿದುಬಿಡುತ್ತದೆ. ಅದನ್ನು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಇಳಿಸಬೇಕು. ಯುಗಾದಿ ಹತ್ತಿರವಿತ್ತು. ಮೆಣಸಿನಕಾಯಿ ಹುರಿದ ಘಾಟಿಗೆ ಹೊಗೆಯ ಅಲಾರಂ ಕೂಗದಿರಲೆಂದು ಹಿತ್ತಲ ಬಾಗಿಲು ತೆಗೆದಿಟ್ಟಿದ್ದೆ. ಡಾಲಸ್ ಪಕ್ಕದ ಯೂಲೆಸ್‌ನಲ್ಲಿ ನಮ್ಮ ಮನೆ ಇದ್ದದ್ದು ವಿಮಾನಗಳು ಇಳಿಯುವ ದಾರಿಯ ಕೆಳಗೆ. ಬಾಗಿಲು ತೆಗೆದರೆ ಫೋನಿನ ಸದ್ದು ಕೇಳಿಸುವುದಿಲ್ಲ. ಎರಡನೆಯ ಸಲ ಹೊಡೆದುಕೊಂಡಾಗ ಓಡಿಹೋಗಿ ಮೊಣಕೈಯಿಂದ ಸ್ಪೀಕರ್ ಒತ್ತಿದೆ.

ಹೂಸ್ಟನ್ನಿನ ಆಂಟಿ. ಧಾರವಾಡದ ಕಡೆಯವರು, ಇಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದು ರಿಟೈರ್ ಆದವರು. ನಮಗೆ ನೆಂಟರೇನಲ್ಲ. ದೇವಸ್ಥಾನದ ಅಡುಗೆಮನೆಯಲ್ಲಿ ಒಮ್ಮೆ ಒಟ್ಟಿಗೆ ಚಿತ್ರಾನ್ನ ಕಲಸಿದ್ದೆವು, ಅಷ್ಟೇ ಪರಿಚಯ. ಆದರೆ ನಮ್ಮ ಮನೆಯಲ್ಲಿ ಆದದ್ದೆಲ್ಲ ಗೊತ್ತಿದ್ದ ಹೊರಗಿನವರು ಅವರೊಬ್ಬರೇ.

"ಏನ್ ಮಾಡ್ಲಿಕ್ಕತ್ತೀ ಅವ್ವಾ?"

"ಸಾರಿನ ಪುಡಿ, ಆಂಟಿ."

"ನೀ ಸಾರಿನ ಪುಡಿ ಮಾಡು, ಅವರು ದಾರೂ ಪುಡಿ ಮಾಡ್ಯಾರ. ಟಿವಿ ಹಚ್ಚಿ ನೋಡು."

ಹಚ್ಚಿ ನೋಡಿದೆ. ಅಂಗೈಯಗಲದ ಒಂದು ಚೀಲ. ಅದರಲ್ಲಿ ಪುಡಿ. ನೀರು ಹಾಕಿ ಕಲಕಿದರೆ ಹೆಂಡ. ಹಿಂದಿನ ವರ್ಷ ವಾಷಿಂಗ್ಟನ್ನಿನ ಕಚೇರಿ ಒಮ್ಮೆ ಒಪ್ಪಿಗೆ ಕೊಟ್ಟು, ಅದು ತಪ್ಪಾಗಿ ಕೊಟ್ಟದ್ದೆಂದು ಹಿಂತೆಗೆದುಕೊಂಡಿತ್ತಂತೆ. ಈಗ ನಿಜವಾಗಿಯೂ ಕೊಟ್ಟಿದೆ. ಇನ್ನು ಆಯಾ ರಾಜ್ಯದವರು ಬೇಕೋ ಬೇಡವೋ ಹೇಳಬೇಕು. ಕೆಲವು ರಾಜ್ಯಗಳು ಅದು ಬಾಗಿಲಿಗೆ ಬರುವ ಮೊದಲೇ ಬೇಡ ಅಂದಿದ್ದವು. ನಮ್ಮ ಟೆಕ್ಸಾಸಿನಲ್ಲಿ ಇನ್ನೂ ಚರ್ಚೆ. ಟಿವಿಯಲ್ಲಿ ಟೈ ಕಟ್ಟಿದ ಒಬ್ಬರು, ಬೆಟ್ಟ ಹತ್ತುವವರಿಗೆ ಬಾಟಲಿಯ ಭಾರ ತಪ್ಪುತ್ತದೆ ಅಂದರು. ಇನ್ನೊಬ್ಬರು, ಮಕ್ಕಳು ಶಾಲೆಯ ಚೀಲದಲ್ಲಿ ತೆಗೆದುಕೊಂಡು ಹೋದರೆ ಯಾರಿಗೆ ತಿಳಿಯುತ್ತದೆ ಅಂದರು. ಅಂಥ ಪುಡಿಯನ್ನು ಯಾವ ಕಾನೂನಿನ ಕೆಳಗೆ ತರಬೇಕೆಂಬುದೇ ಸರಿಯಾಗಿ ಗೊತ್ತಿಲ್ಲವೆಂದು ಮೂರನೆಯವರು ಅಂದರು.

ನನ್ನ ಕೈ ಜರಡಿಯಲ್ಲೇ ನಿಂತಿತ್ತು.

ಯಾಕೆಂದು ಹೇಳುತ್ತೇನೆ. ಅದಕ್ಕಿಂತ ಹಿಂದಿನ ವರ್ಷ ನಮ್ಮ ಯಜಮಾನರು ಆಫೀಸಿನ ಪಾರ್ಟಿ ಮುಗಿಸಿ ಬರುವಾಗ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಹತ್ತಿರ ಹೈವೇಯಲ್ಲಿ ಪೊಲೀಸರು ನಿಲ್ಲಿಸಿದರು. ಕುಡಿದಿದ್ದರು. ಕೈಗೆ ಬೇಡಿ, ಲಾಕಪ್ಪು, ಲಾಯರು, ಕೋರ್ಟು. ಯಾರಿಗೂ ಪೆಟ್ಟಾಗಿರಲಿಲ್ಲ, ಅದೊಂದು ಭಗವಂತನ ದಯೆ. ಕೆಲಸ ಹೋಗಲಿಲ್ಲ, ಅದು ಎರಡನೆಯದು. ಆದರೆ ನಾವು ಈ ದೇಶದಲ್ಲಿ ಇದ್ದದ್ದು ಅವರ ಕೆಲಸದ ವೀಸಾದ ಮೇಲೆ. ನನ್ನದು ಅದಕ್ಕೆ ಜೋತುಬಿದ್ದ ವೀಸಾ, ನಾನು ದುಡಿಯುವಂತಿಲ್ಲ. ಮಗಳು ಇಲ್ಲಿಯ ಶಾಲೆಯಲ್ಲಿ ಏಳನೆಯ ಕ್ಲಾಸು, ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತು ವರ್ಷಗಳಾಗಿದ್ದವು. ಲಾಯರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು: ಒಂದು ಸಲ ಆದದ್ದನ್ನು ಹೇಗೋ ದಾಟಿಸಬಹುದು, ಕೋರ್ಟಿನ ಷರತ್ತು ಮುರಿದರೆ ನಾನು ಏನೂ ಭರವಸೆ ಕೊಡಲಾರೆ.

ಷರತ್ತೆಂದರೆ ಮುಖ್ಯವಾಗಿ ಕಾರಿನಲ್ಲಿ ಕೂರಿಸಿದ ಊದುವ ಯಂತ್ರ. ಕೊಳವೆಗೆ ಬಾಯಿಟ್ಟು ಊದಬೇಕು. ಉಸಿರಿನಲ್ಲಿ ಹೆಂಡ ಇಲ್ಲವೆಂದು ಅದಕ್ಕೆ ಒಪ್ಪಿಗೆಯಾದರೆ ಮಾತ್ರ ಕಾರು ಸ್ಟಾರ್ಟ್ ಆಗುತ್ತದೆ. ಊದುವವರ ಫೋಟೋವನ್ನೂ ಅದೇ ತೆಗೆದುಕೊಳ್ಳುತ್ತದೆ. ನಮಗಿದ್ದದ್ದು ಒಂದೇ ಕಾರು. ಇವರು ಸೋಮವಾರ ಬೆಳಗ್ಗೆ ಸಹೋದ್ಯೋಗಿಯ ಕಾರಿನಲ್ಲಿ ರಾಜ್ಯದ ರಾಜಧಾನಿ ಆಸ್ಟಿನ್ನಿಗೆ ಕೆಲಸಕ್ಕೆ ಹೋದರೆ ಗುರುವಾರ ಸಂಜೆ ಬರುತ್ತಿದ್ದರು. ವಾರವೆಲ್ಲ ಕಾರು ಓಡಿಸುತ್ತಿದ್ದವಳು ನಾನು. ಆದ್ದರಿಂದ ಊದುತ್ತಿದ್ದವಳೂ ನಾನೇ. ತರಕಾರಿಗೆ ಹೋಗಬೇಕಾದರೆ ಊದು, ಮಗಳನ್ನು ಕರೆತರಬೇಕಾದರೆ ಊದು, ದೇವಸ್ಥಾನಕ್ಕೂ ಊದು. ಬರೀ ಊದಿದರೆ ಸಾಲದು, ಊದುತ್ತಲೇ ಗುಂಯ್ ಎಂದು ದನಿ ಹೊರಡಿಸಬೇಕು, ಇಲ್ಲದಿದ್ದರೆ ಅದು ಪೀಂ ಪೀಂ ಎಂದು ಬೈಯುತ್ತದೆ. ನನಗೆ ಬರುವ ಗುಂಯ್ ಎಂದರೆ ಓಂಕಾರ ಒಂದೇ. ಹಣೆಗೆ ಕುಂಕುಮ ಇಟ್ಟುಕೊಂಡು, ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು, ಕುಡುಕರ ಯಂತ್ರಕ್ಕೆ ಓಂ ಎನ್ನುತ್ತ ಕೂತಿರುತ್ತಿದ್ದೆ. ಪಕ್ಕದ ಮನೆಯವರು ನಾಯಿ ಹಿಡಿದುಕೊಂಡು ಹೋಗುತ್ತಿದ್ದರೆ ತಲೆ ಬಗ್ಗಿಸಿಕೊಳ್ಳುತ್ತಿದ್ದೆ.

ಕೋರ್ಟಿನ ಷರತ್ತು ಸಾಲದೆಂದು ನಾನೂ ಒಂದು ಹಾಕಿದ್ದೆ. ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದೆ ಮುಡಿಪಿಟ್ಟು, ಅದರ ಮೇಲೆ ಇವರ ಕೈ ಇರಿಸಿ, "ಬಾಟ್ಲಿ ಮುಟ್ಟಲ್ಲ, ಕ್ಯಾನು ಮುಟ್ಟಲ್ಲ, ಗ್ಲಾಸು ಮುಟ್ಟಲ್ಲ" ಎಂದು ಹೇಳಿಸಿದ್ದೆ. ನಮ್ಮ ಕಡೆ ದೇವರಿಗೆ ಕೊಟ್ಟ ಮಾತು ಅಕ್ಷರ ಅಕ್ಷರವೂ ಲೆಕ್ಕ. ನಮ್ಮಜ್ಜಿ ಕಾಶಿಗೆ ಹೋದಾಗ ಹಲಸಿನ ಹಣ್ಣು ಬಿಟ್ಟು ಬಂದಿದ್ದರು. ಆಮೇಲೆ ಹಲಸಿನ ಬೀಜದ ಹುಳಿ ಮಾಡಿದ ದಿನ ಎರಡು ಸಲ ಬಡಿಸಿಕೊಂಡರು. ಯಾರೋ ಕೇಳಿದ್ದಕ್ಕೆ, "ಗಂಗೆಗೆ ಹಣ್ಣು ಬಿಡ್ತೀನಿ ಅಂದೆ ಕಣೋ, ಬೀಜ ಬಿಡ್ತೀನಿ ಅಂದ್ನಾ?" ಅಂದರು. ಮನೆಯವರೆಲ್ಲ ನಕ್ಕು ಒಪ್ಪಿಕೊಂಡರು.

ಆ ಗುರುವಾರ ಇವರು ಬಂದಾಗ ಪುಡಿಯ ಸುದ್ದಿ ಹೇಳಿದೆ. ಇವರಿಗೆ ಆಗಲೇ ಗೊತ್ತಿತ್ತು. ಚಪಾತಿ ಮುರಿಯುತ್ತ, "ನಾನು ಬಾಟ್ಲಿ, ಕ್ಯಾನು, ಗ್ಲಾಸು ಅಂದಿದ್ದೆ. ಪುಡಿ ಅಂದಿರಲಿಲ್ಲಪ್ಪ" ಎಂದರು. ತಮಾಷೆಗೇ ಅಂದದ್ದು. ಮಗಳೂ ನಕ್ಕಳು. ನಾನು ಮಾತ್ರ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅಲ್ಲಿಯವರೆಗೆ ನನಗೆ ಎರಡು ಕಾವಲಿದ್ದವು, ಕಿವಿ ಮತ್ತು ಮೂಗು. ಬಾಟಲಿ ಎಲ್ಲಿಟ್ಟರೂ ಸದ್ದು ಮಾಡುತ್ತದೆ, ಕಸದ ಡಬ್ಬಿಯಲ್ಲಿ ಕ್ಯಾನು ಗಡಗಡ ಅನ್ನುತ್ತದೆ. ಪುಡಿಗೆ ಸದ್ದೆಲ್ಲಿ, ಕವರು ಬಿಚ್ಚದೆ ವಾಸನೆಯೆಲ್ಲಿ? ಇನ್ನು ನಮ್ಮ ಅಡುಗೆಮನೆಯೋ, ಪುಡಿಗಳದೇ ಸಂಸಾರ. ಮೆಂತ್ಯದ ಹಿಟ್ಟು, ಚಟ್ನಿಪುಡಿ, ಅಗಸೆಪುಡಿ, ಹುರಿಹಿಟ್ಟು, ಸೀಗೆಪುಡಿ, ಕಡಲೆಹಿಟ್ಟು. ಅರ್ಧಕ್ಕರ್ಧ ಮೈಸೂರಿನಿಂದ ಅಕ್ಕ ಕಟ್ಟಿ ಕಳಿಸಿದ ಪ್ಲಾಸ್ಟಿಕ್ ಕವರುಗಳು, ಒಂದರ ಮೇಲೂ ಹೆಸರಿಲ್ಲ. ನಮಗೆ ಹೆಸರು ಯಾಕೆ ಬೇಕು, ಬೆರಳ ತುದಿಯಲ್ಲಿ ತೆಗೆದು ನಾಲಗೆಗಿಟ್ಟರೆ ಗೊತ್ತಾಗುತ್ತದೆ. ಈಗ ಆ ಧೈರ್ಯವೂ ಹೋಯಿತು. ನಾಲಗೆಗಿಟ್ಟದ್ದು ಅದೇ ಆಗಿದ್ದರೆ? ಒಂದೊಂದನ್ನೂ ಮೂಸಿ ನೋಡಿ, ಟೇಪು ಅಂಟಿಸಿ ಎಲ್ಲಕ್ಕೂ ಹೆಸರು ಬರೆದೆ. ಇವರ ಲ್ಯಾಪ್‌ಟಾಪ್ ಚೀಲ ತಡಕಿದೆ. ಒಂದು ಪೊಟ್ಟಣ ಸಿಕ್ಕಿತು, ಬೆಳಕಿಗೆ ಹಿಡಿದು ಓದಿದೆ. ಕಾಫಿಗೆ ಹಾಕುವ ಹಾಲಿನ ಪುಡಿ.

ಅಂಗಡಿಗೆ ಅದು ಇನ್ನೂ ಬಂದೇ ಇರಲಿಲ್ಲ. ನನಗೂ ಅದು ಗೊತ್ತಿತ್ತು. ಆದರೂ ಹುಡುಕುತ್ತಿದ್ದೆ.

ಈ ನಡುವೆ ಆಂಟಿ ಹೂಸ್ಟನ್ ಮತ್ತು ಡಾಲಸ್ಸಿನ ಕೆಲವು ಹೆಂಗಸರನ್ನು ಕಲೆಹಾಕಿದ್ದರು. ಎಲ್ಲರೂ ಆಸ್ಟಿನ್ನಿಗೆ ಹೋಗಿ, ಶಾಸಕರೊಬ್ಬರ ಕಚೇರಿಯಲ್ಲಿ ಈ ಪುಡಿ ಬೇಡವೆಂದು ಹೇಳಿ ಬರುವುದು. "ನೀನೂ ಎರಡು ಮಾತು ಆಡಬೇಕು. ನಾ ಡಾಕ್ಟರು ಅಂತ ಆಡ್ತೀನಿ, ನೀ ಮನಿ ನಡಸಾಕಿ ಅಂತ ಆಡು" ಎಂದರು. ಹೂಂ ಅಂದೆ.

ಅದಕ್ಕೆ ಮುಂಚಿನ ಶನಿವಾರ ಇವರು ಯಂತ್ರದ ತಪಾಸಣೆಗೆ ಕಾರು ಒಯ್ದರು. ತಿಂಗಳಿಗೊಮ್ಮೆ ಅದರೊಳಗಿನ ಲೆಕ್ಕವನ್ನೆಲ್ಲ ತೆಗೆದು ಕೋರ್ಟಿಗೆ ಕಳಿಸುತ್ತಾರೆ. ನಾನು ಹಪ್ಪಳ ಸುಡುತ್ತಿದ್ದೆ. ಬಂದವರು ಶೂ ಬಿಚ್ಚದೆ ಒಳಗೆ ಬಂದರು. ಮುಖ ಬೂದಿಯಾಗಿತ್ತು.

"ಈ ತಿಂಗಳು ಒಂದು ಫೇಲ್ ಇದೆಯಂತೆ."

"ಫೇಲ್ ಅಂದ್ರೆ?"

"ಉಸಿರಲ್ಲಿ ಆಲ್ಕೋಹಾಲು. ಯಾವತ್ತು, ಯಾರು ಅಂತ ತಪಾಸಣೆಯವನು ಹೇಳಲ್ಲ. ಲಾಯರಿಗೆ ಸೋಮವಾರ ಬರುತ್ತಂತೆ."

ಹಪ್ಪಳ ಕಪ್ಪಾಯಿತು. ಒಲೆ ಆರಿಸಿದೆ. ನನ್ನ ಬಾಯಿಂದ ಬಂದ ಮೊದಲ ಮಾತು, "ಪುಡಿನಾ?"

"ಏನ್ ಪುಡಿ?"

"ಅದೇ. ಎಲ್ಲಿಂದ ತರಿಸಿದ್ರಿ?"

"ಅದು ಇನ್ನೂ ಅಂಗಡಿಗೇ ಬಂದಿಲ್ಲ ಕಣೇ. ನಾನು ಮುಟ್ಟಿಲ್ಲ, ಯಾವುದನ್ನೂ ಮುಟ್ಟಿಲ್ಲ."

"ಎಲ್ಲಿ, ಒಂದ್ಸಲ ಉಸಿರು ಬಿಡಿ ನೋಡೋಣ."

ಇವರು ನನ್ನನ್ನು ನೋಡಿದರು. "ಅಲ್ಲಿ ಆ ಮೆಷಿನ್ನಿಗೆ ಊದ್ತೀನಿ. ಇಲ್ಲಿ ನಿಂಗೂ ಊದ್ಬೇಕಾ?" ಎಂದು ಕೇಳಿದರು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

ಆ ಎರಡು ದಿನ ಮೂವರೂ ಮನೆಯಲ್ಲೇ ಇದ್ದೆವು. ಎಲ್ಲಿಗೆ ಹೋಗುವುದು? ಹೊರಗೆ ಹೋಗಬೇಕಾದರೆ ಆ ಕಾರು, ಆ ಕೊಳವೆ. ಊರಿಗೆ ಫೋನು ಮಾಡಿ ಅಕ್ಕನಿಗೆ ಹೇಳುವ ಹಾಗಿಲ್ಲ. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಮಗಳು ನಮ್ಮಿಬ್ಬರ ಮುಖವನ್ನೂ ನೋಡಿ, "ಆರ್ ವಿ ಮೂವಿಂಗ್ ಟು ಇಂಡಿಯಾ?" ಎಂದು ಒಮ್ಮೆ ಕೇಳಿದಳು. ಇಲ್ಲ ಪುಟ್ಟ, ಎಂದೆ. ಇಲ್ಲ ಎನ್ನಲು ನಾನು ಯಾರು ಎಂದೂ ಅನ್ನಿಸಿತು. ದೇವರ ಮುಂದೆ ಕೂತರೆ ಸ್ತೋತ್ರ ನಡುವೆ ತಪ್ಪುತ್ತಿತ್ತು. ಮನೆಯಲ್ಲಿ ಅಕ್ಕಿಯಿದೆ, ನಲ್ಲಿಯಲ್ಲಿ ನೀರಿದೆ, ಮೂವರಿಗೂ ಜ್ವರವಿಲ್ಲ ಎಂದು ಎಣಿಸಿಕೊಂಡೆ. ಎಣಿಸುವುದಕ್ಕೆ ಅಷ್ಟಾದರೂ ಸಿಕ್ಕಿತು.

ಸೋಮವಾರ ಇವರು ಆಸ್ಟಿನ್ನಿಗೆ ಹೊರಡಲಿಲ್ಲ. ಲಾಯರ ಕಚೇರಿ ಇದ್ದದ್ದು ಅದೇ ಫಾರ್ಮರ್ಸ್ ಬ್ರಾಂಚ್‌ನಲ್ಲಿ. ಲಾಯರು ಅಲ್ಲಿಯವರೇ, ಬೆಳ್ಳಿ ಕೂದಲಿನ ಹೆಂಗಸು. ನಮ್ಮಿಬ್ಬರನ್ನೂ ಕೂರಿಸಿ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಫೇಲ್ ಆದ ಹೊತ್ತಿನ ಫೋಟೋ.

ನಾನು.

ಬಾಯಲ್ಲಿ ಕೊಳವೆ, ಅರ್ಧ ಮುಚ್ಚಿದ ಕಣ್ಣು, ಹಣೆಯಲ್ಲಿ ಕುಂಕುಮ. ಬುಧವಾರ ಬೆಳಗ್ಗೆ ದೇವಸ್ಥಾನಕ್ಕೆ ಹೊರಟಾಗಿನದು. ಆವತ್ತು ಯಂತ್ರ ಬೈದದ್ದು ಆಗ ನೆನಪಿಗೆ ಬಂತು. ಅದು ಬೈಯುವುದು ಹೊಸದಲ್ಲವಲ್ಲ. ದನಿ ಸಾಲದಾಯಿತೇನೋ ಎಂದುಕೊಂಡು, ಕನ್ನಡಕವಿಲ್ಲದೆ ಅದರ ಸಣ್ಣ ಅಕ್ಷರ ಓದಲಾಗದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಂ ಎಂದಿದ್ದೆ. ಕಾರು ಹೊರಟಿತ್ತು.

ಲಾಯರು ಮೆತ್ತಗೆ ಕೇಳಿದರು, ನೀವು ಕುಡಿಯುತ್ತೀರಾ? ನಾನು ಇಲ್ಲವೆಂದು ತಲೆಯಾಡಿಸುತ್ತಲೇ ಇದ್ದೆ, ನಿಲ್ಲಿಸಲಾಗಲಿಲ್ಲ. ಇವರೇ ಅಲ್ಲಿಂದ ಆಂಟಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು.

"ಆವತ್ತು ಏನ್ ತಿಂದಿದ್ದಿ?"

"ಏನೂ ಇಲ್ಲ ಆಂಟಿ, ಎರಡು ಇಡ್ಲಿ. ಆಮೇಲೆ ಹಿಂದಿನ ರಾತ್ರಿ ಮರೆತಿದ್ದೆ ಅಂತ ದ್ರಾಕ್ಷಾರಿಷ್ಟ ತಗೊಂಡೆ. ತಗೊಂಡು ನೇರ ಕಾರಿಗೆ ಹೋದೆ."

ಆ ಕಡೆ ಆಂಟಿ ನಗತೊಡಗಿದರು. ನಗು ನಿಂತ ಮೇಲೆ, "ಹುಚ್ಚಿ, ಅರಿಷ್ಟ ಅಂದ್ರ ಏನಂತ ತಿಳದೀ? ದ್ರಾಕ್ಷಿ ಕೊಳಿಸಿ ಹುದುಗು ಬರಿಸಿ ಮಾಡಿದ್ದದು. ಸೀಸೆ ಮ್ಯಾಲೆ ಬರದಿರ್ತದ, ಒಂದಿನಾರ ಓದೀ ಏನು?" ಎಂದರು.

ಓದಿರಲಿಲ್ಲ. ನಿಶ್ಶಕ್ತಿಗೆ ಒಳ್ಳೆಯದೆಂದು ಅಕ್ಕ ಕಳಿಸಿದ್ದು, ನಮ್ಮಮ್ಮ ಬಾಣಂತನದಲ್ಲಿ ಕುಡಿದದ್ದು, ಮಡಿಯುಟ್ಟವರೂ ಕುಡಿಯುವುದು. ಅದನ್ನು ನಾನು ಇಟ್ಟಿದ್ದದ್ದು ದೇವರ ಮಂಟಪದ ಕೆಳಗಿನ ಖಾನೆಯಲ್ಲಿ, ಕರ್ಪೂರದ ಪಕ್ಕ. ಮನೆಯ ಪುಡಿಯೆಲ್ಲ ಮೂಸಿ ನೋಡಿದವಳು ಆ ಬಾಟಲಿಯ ಮುಚ್ಚಳವನ್ನು ದಿನವೂ ನನ್ನ ಕೈಯಿಂದಲೇ ತೆಗೆದು ಅಳೆದುಕೊಳ್ಳುತ್ತಿದ್ದೆ.

ಫೋಟೋ ಇದ್ದದ್ದು ದೊಡ್ಡ ಉಪಕಾರ ಎಂದರು ಲಾಯರು. ಆದರೆ ಫೋಟೋ ಒಂದೇ ಸಾಲದು. ಆಲ್ಕೋಹಾಲು ಇರುವ ಪದಾರ್ಥವನ್ನು ಸೇವಿಸಿ ಈ ಕಾರು ಓಡಿಸಲು ಹೋದವಳು ನಾನೇ ಎಂದು ನಾನು ಬರೆದು ಸಹಿ ಹಾಕಬೇಕು. ನನಗೆ ಕೈ ಏಳಲಿಲ್ಲ. ಔಷಧ ಎಂದು ಬರೆಯಬಾರದೇ ಎಂದು ಕೇಳಿದೆ. ಅದನ್ನೂ ಬರೆಯುತ್ತೇನೆ, ಆದರೆ ಆಲ್ಕೋಹಾಲು ಎಂಬ ಮಾತು ಇರಲೇಬೇಕು, ಕೋರ್ಟಿಗೆ ಬೇಕಾದದ್ದು ಅದೇ ಎಂದರು. ನಾಳೆ ಯಾವುದೋ ಕಚೇರಿಯಲ್ಲಿ ಯಾರೋ ನನ್ನ ಹೆಸರಿನ ಜೊತೆ ಅದನ್ನು ಓದುತ್ತಾರೆ. ನಾನು ಬರೆಯದೆ ಇದ್ದರೆ ಇವರ ಹೆಸರಿನ ಜೊತೆ ಓದುತ್ತಾರೆ. ಇವರು ನನ್ನ ಕಡೆ ನೋಡದೆ ಕಿಟಕಿಯಾಚೆ ಹೈವೇಯನ್ನು ನೋಡುತ್ತಿದ್ದರು. ಹಾಕು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಹಾಕಿದೆ.

ಕಾರಿನ ಹತ್ತಿರ ಬಂದ ಮೇಲೆ, "ಏನಮ್ಮಾ ಕುಡುಕೀ, ಯಾರು ಊದೋದು? ನಾನಾ, ನೀನಾ?" ಅಂದರು. ನನಗೆ ನಗು ಬಂತು, ಹಿಂದೆಯೇ ಅಳು ಬಂತು. ಇವರೇ ಊದಿದರು.

ನಾನು ಆಸ್ಟಿನ್ನಿಗೆ ಬರುವುದಿಲ್ಲ ಎಂದು ಆಂಟಿಗೆ ಹೇಳಿದೆ. ಯಾವ ಬಾಯಲ್ಲಿ ಆಡಲಿ? "ಅದೇ ಬಾಯಿಲೇ ಆಡು. ನಿನಗ ಗೊತ್ತಾದಷ್ಟು ಅಲ್ಲಿ ಯಾರಿಗೂ ಗೊತ್ತಿಲ್ಲ. ವ್ಯಾನು ಏಳಕ್ಕ ಬಿಡ್ತದ" ಎಂದು ಫೋನಿಟ್ಟರು.

ಆಸ್ಟಿನ್ನಿನ ಶಾಸನಸಭೆಯ ದೊಡ್ಡ ಗುಮ್ಮಟದ ಕಟ್ಟಡದೊಳಗೆ ನಮ್ಮ ಸೀರೆ, ಚೂಡಿದಾರದ ಗುಂಪನ್ನು ಎಲ್ಲರೂ ತಿರುಗಿ ನೋಡುತ್ತಿದ್ದರು. ಶಾಸಕರು ಇರಲಿಲ್ಲ, ಅವರ ಕಚೇರಿಯ ಯುವತಿಯೊಬ್ಬಳು ಜಾಗ ಸಾಲದೆಂದು ಕಾರಿಡಾರಿಗೇ ಬಂದು ನಮ್ಮ ಮಾತು ಕೇಳಿಸಿಕೊಂಡಳು. ನಿಷೇಧಿಸುವುದೋ, ಬಾಟಲಿಯಂತೆಯೇ ಲೈಸೆನ್ಸು ಕೊಟ್ಟು ಮಾರುವುದೋ, ಎರಡೂ ಕಡೆಯವರು ದಿನವೂ ಬರುತ್ತಿದ್ದಾರೆ ಎಂದಳು. ಆಂಟಿ ಲಿವರು, ಮಕ್ಕಳು ಎಂದು ಗಟ್ಟಿಯಾಗಿ ಆಡಿದರು. ನನ್ನ ಸರದಿ ಬಂತು. ಮನೆಯಲ್ಲಿ ಉರು ಹೊಡೆದಿದ್ದ ಇಂಗ್ಲಿಷೆಲ್ಲ ಹಾರಿಹೋಯಿತು. ನಮ್ಮ ಅಡುಗೆಮನೆಯಲ್ಲಿ ತುಂಬ ಪುಡಿಗಳಿವೆ, ಹೆಸರು ಬರೆದಿಡುವ ರೂಢಿ ನಮ್ಮಲ್ಲಿಲ್ಲ, ಅವುಗಳ ನಡುವೆ ಇದೊಂದು ಬಂದು ಕೂತರೆ ನನಗೆ ಗೊತ್ತಾಗುವುದಿಲ್ಲ, ಎಂದೆ. ಅಷ್ಟೇ. ಆ ಹುಡುಗಿ ಅದನ್ನು ಬರೆದುಕೊಂಡಳು.

ತಿರುಗಿ ನೋಡಿದರೆ ಕಂಬದ ಹತ್ತಿರ ಇವರು, ಕತ್ತಿನಲ್ಲಿ ಆಫೀಸಿನ ಬ್ಯಾಡ್ಜು. ಊಟದ ಬಿಡುವಿನಲ್ಲಿ ಬಂದಿದ್ದರು. ಹೊರಗೆ ಮರದ ನೆರಳಿನಲ್ಲಿ ಇಬ್ಬರೂ ನಾನು ತಂದಿದ್ದ ಬುತ್ತಿ ಬಿಚ್ಚಿದೆವು.

"ನನ್ನ ಹೆಸರು ಹೇಳಿಬಿಡ್ತೀಯೇನೋ ಅಂತ ಹೆದರಿದ್ದೆ."

"ಹೇಳೋದಾದ್ರೆ ಮೊದ್ಲು ನಂದು ಹೇಳ್ಬೇಕಿತ್ತಲ್ರೀ."

ಇವರು ಮೊಸರನ್ನ ಕಲಸಿದರು. "ನಿಜ ಹೇಳ್ಲಾ? ಆ ಪುಡಿ ಬರೋದು ನಂಗೇ ಇಷ್ಟ ಇಲ್ಲ. ಅಂಗಡಿಗೆ ಹೋಗಿ ಬಾಟ್ಲಿ ಕೇಳೋಕೆ ನಾಚಿಕೆ ಆಗುತ್ತೆ, ಅದ್ರಿಂದಾನೇ ಎಷ್ಟೋ ದಿನ ವಾಪಸ್ ಬಂದಿದೀನಿ. ಅದು ಜೇಬಲ್ಲಿ ಕೂತ್ಕೊಂಡ್ರೆ ನಾಚಿಕೆಗೂ ಜಾಗ ಇರಲ್ಲ."

ಎಷ್ಟೋ ದಿನ ಎಂದರು. ಬಾಗಿಲಿನವರೆಗೆ ಹೋಗಿ ವಾಪಸು ಬಂದ ಆ ದಿನಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನನ್ನ ಕಿವಿ, ಮೂಗು ಕುಡಿದ ದಿನ ಹಿಡಿಯುವುದಕ್ಕೆ ಇದ್ದವು. ಕುಡಿಯದ ದಿನ ಅವಕ್ಕೆ ಕಾಣುವ ಹಾಗಿರಲಿಲ್ಲ. ಇವರಿಗೆ ಉಪ್ಪಿನಕಾಯಿ ಬಡಿಸಿದೆ.

ಆ ಸಲ ಆಸ್ಟಿನ್ನಿನಲ್ಲಿ ಏನೂ ಇತ್ಯರ್ಥವಾಗಲಿಲ್ಲ ಎಂದು ಆಮೇಲೆ ಆಂಟಿ ಹೇಳಿದರು. ಪುಡಿಯಂತೂ ನಾನು ಹೋಗುವ ಯಾವ ಅಂಗಡಿಯಲ್ಲೂ ಕಾಣಲಿಲ್ಲ. ಕಂಡಿದ್ದರೆ ನಾನು ಏನು ಮಾಡುತ್ತಿದ್ದೆನೋ.

ಲಾಯರ ಫೋನು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಮನೆಯಲ್ಲಿ ನಾನೊಬ್ಬಳೇ. ಕೋರ್ಟು ಫೋಟೋವನ್ನೂ ನನ್ನ ಹೇಳಿಕೆಯನ್ನೂ ಒಪ್ಪಿದೆ, ಆ ಫೇಲನ್ನು ನಿಮ್ಮ ಗಂಡನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅವರು ಮುಂದುವರಿಸಿದರು: ಯಂತ್ರ ಅವಧಿ ಮುಗಿಯುವವರೆಗೆ ಇರುತ್ತದೆ. ಇನ್ನೊಂದು ಫೇಲ್ ಬಂದರೆ, ಅದು ಯಾರದೇ ಉಸಿರಾಗಲಿ, ಕೋರ್ಟು ಇಷ್ಟು ಸುಲಭವಾಗಿ ಕೇಳುವುದಿಲ್ಲ. ನಿಮ್ಮ ಹೇಳಿಕೆ ಫೈಲಿನಲ್ಲಿ ಇರುತ್ತದೆ.

ಇರಲಿ ಎಂದೆ.

ಇವರಿಗೆ ಫೋನು ಮಾಡಿದೆ. ಮೀಟಿಂಗಿನಿಂದ ಎದ್ದು ಹೊರಗೆ ಬಂದರು, ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು. ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಉಸಿರಿನ ಸದ್ದು ಮಾತ್ರ. ನಾನು ಆ ಉಸಿರನ್ನು ಸುಮ್ಮನೆ ಕೇಳಿದೆ. ಆಮೇಲೆ, "ಗುರುವಾರ ಬೇಗ ಬರ್ತೀನಿ" ಅಂದರು.

ಗ್ಯಾರೇಜಿನ ಪಕ್ಕ ಡ್ರೈಯರ್ ಕೂಗುತ್ತಿತ್ತು. ಕೂಗಿ ಎಷ್ಟು ಹೊತ್ತಾಗಿತ್ತೋ. ಬಿಸಿ ಆರುವ ಮೊದಲೇ ಮಡಚದಿದ್ದರೆ ಇವರ ಶರ್ಟುಗಳು ಸುಕ್ಕಾಗುತ್ತವೆ. ಎದ್ದುಹೋಗಿ ಬಟ್ಟೆ ತೆಗೆದೆ.